ಶಾಲೆಯ ಆಡಳಿತದಲ್ಲಿ ವಿದ್ಯಾರ್ಥಿ

ಶಾಲೆಯೊಂದು ನಡೆಯಬೇಕಾದರೆ ಅನೇಕ ತೀರ್ಮಾನಗಳು ಆಗಬೇಕಾಗುತ್ತದೆ. ಬೆಳಗಿನ ಗಂಟೆಯನ್ನು ಎಷ್ಟು ಹೊತ್ತಿಗೆ ಬಾರಿಸಬೇಕು, ಕುಡಿಯುವ ನೀರಿನ ತೊಟ್ಟಿಯನ್ನು ಎಲ್ಲಿ ಕಟ್ಟಿಸಬೇಕು, ಬಂದ ಹಣದಲ್ಲಿ ಮೊದಲು ಪ್ರಯೋಗಶಾಲೆಗೆ ಉಪಕರಣಗಳನ್ನು ಕೊಳ್ಳಬೇಕೋ ಸೋರುವ ಛಾವಣಿಯನ್ನು ದುರಸ್ತಿ ಮಾಡಿಸಬೇಕೋ, ಪರೀಕ್ಷೆಗಳನ್ನು ಯಾವ ವಾರದಲ್ಲಿ ಇಡಬೇಕು ಎಂಬ ಪ್ರಶ್ನೆಗಳಿಗೆ ಯಾರೋ ಎಲ್ಲಿಯೋ ಕುಳಿತು ಉತ್ತರ ಹೇಳಿರುತ್ತಾರೆ. ಆ ಉತ್ತರಗಳ ಫಲವನ್ನು ದಿನದಿನವೂ ಉಣ್ಣುವವರು ವಿದ್ಯಾರ್ಥಿಗಳು. ಆದರೆ ತೀರ್ಮಾನ ಕೈಗೊಳ್ಳುವ ಸಭೆಯಲ್ಲಿ ಅವರಿಗೆ ಸ್ಥಾನವಿರುವುದು ವಿರಳ. ಅವರಿಗೂ ಅಲ್ಲಿ ಒಂದು ಪೀಠವನ್ನು ಕೊಡಬೇಕೆ? ಕೊಟ್ಟರೆ ಮಾತನಾಡುವ ಅವಕಾಶವಷ್ಟೇ ಸಾಕೆ, ಮತ ನೀಡುವ ಅಧಿಕಾರವೂ ಬೇಕೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ಅರ್ಧ ಶತಮಾನದಿಂದ ಚರ್ಚೆಗೆ ಒಳಗಾಗಿದೆ. ಅಲ್ಲಿಯ ಒಂದು ರಾಜ್ಯದಲ್ಲಿ ಅದು ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ.

ಅಮೆರಿಕದಲ್ಲಿ ಶಾಲಾಶಿಕ್ಷಣವು ಮುಖ್ಯವಾಗಿ ರಾಜ್ಯಗಳಿಗೆ ಸೇರಿದ ವಿಷಯ. ರಾಜ್ಯಗಳು ಆ ಹೊಣೆಯ ಬಹುಭಾಗವನ್ನು ಸ್ಥಳೀಯ ಶಾಲಾಮಂಡಲಿಗಳಿಗೆ ವಹಿಸಿಕೊಟ್ಟಿವೆ. ದೇಶದಲ್ಲಿ ಸುಮಾರು 13,000 ಶಾಲಾಜಿಲ್ಲೆಗಳಿವೆ. ಒಂದೆರಡು ಶಾಲೆಗಳಷ್ಟೇ ಇರುವ ಪುಟ್ಟ ಊರುಗಳೂ ಅವುಗಳಲ್ಲಿವೆ, ಲಕ್ಷಾಂತರ ಮಕ್ಕಳು ಓದುವ ಮಹಾನಗರಗಳೂ ಇವೆ. ಮಂಡಲಿಯ ಸದಸ್ಯರನ್ನು ಬಹುಮಟ್ಟಿಗೆ ಆ ಪ್ರದೇಶದ ಮತದಾರರೇ ಚುನಾಯಿಸುತ್ತಾರೆ. ಮಂಡಲಿಯು ಶಾಲೆಗಳ ಮುಖ್ಯಾಧಿಕಾರಿಯನ್ನು ನೇಮಿಸುತ್ತದೆ, ಆಯವ್ಯಯವನ್ನು ಅಂಗೀಕರಿಸುತ್ತದೆ, ಅಗತ್ಯವೆನಿಸಿದರೆ ಹೊಸ ಶಾಲೆಯನ್ನು ತೆರೆಯುತ್ತದೆ, ಇರುವುದನ್ನು ಮುಚ್ಚುತ್ತದೆ, ಯಾವ ಬೀದಿಯ ಮಗು ಯಾವ ಶಾಲೆಗೆ ಹೋಗಬೇಕೆಂದು ಗೆರೆ ಎಳೆಯುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿರುವ ಶಾಲಾಭಿವೃದ್ಧಿ ಸಮಿತಿಯು ಒಂದು ಶಾಲೆಗೆ ಮಾತ್ರ ಸಂಬಂಧಿಸಿದ್ದು. ಅಮೆರಿಕದ ಮಂಡಲಿಯ ಕೈಯಲ್ಲಿ ಒಂದು ಊರಿನ ಅಥವಾ ಜಿಲ್ಲೆಯ ಎಲ್ಲ ಸಾರ್ವಜನಿಕ ಶಾಲೆಗಳ ಹಣೆಬರಹವಿರುತ್ತದೆ. ಆದುದರಿಂದಲೇ ಅಲ್ಲಿಯ ಒಂದು ಪೀಠಕ್ಕೆ ಅಷ್ಟು ಬೆಲೆ.

ಈ ಮಂಡಲಿಗಳಲ್ಲಿ ಬಹುಕಾಲದವರೆಗೆ ವಿದ್ಯಾರ್ಥಿಗಳ ಸುಳಿವೇ ಇರಲಿಲ್ಲ. ತಂದೆತಾಯಿಗಳು ಮಕ್ಕಳ ಪರವಾಗಿ ಮಾತನಾಡುತ್ತಾರೆ, ಮಕ್ಕಳು ಕಲಿಯುತ್ತಾರೆ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ನಿಯಮ. 1960ರ ದಶಕದಲ್ಲಿ ಅದು ಸಡಿಲವಾಗತೊಡಗಿತು. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡಿ ಮಾಯಿನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ಶೋಕವನ್ನು ಸೂಚಿಸಲು ತೋಳಿಗೆ ಕಪ್ಪು ಪಟ್ಟಿ ಧರಿಸಿ ಶಾಲೆಗೆ ಬಂದರು. ಅವರಲ್ಲಿ ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್ ಎಂಬ ಬಾಲಕಿಯೂ, ಹದಿನೈದು ವರ್ಷದ ಆಕೆಯ ಅಣ್ಣ ಜಾನನೂ ಇದ್ದರು. ಮುಖ್ಯೋಪಾಧ್ಯಾಯರು ಪಟ್ಟಿಯನ್ನು ನಿಷೇಧಿಸಿದ್ದರು; ಧರಿಸಿ ಬಂದವರನ್ನು ಮನೆಗೆ ಕಳುಹಿಸಲಾಯಿತು. ವಿಷಯ ಶಾಲಾಮಂಡಲಿಯ ಮುಂದೆ ಬಂದಾಗ ಮಂಡಲಿಯೂ ನಿಷೇಧವನ್ನೇ ಎತ್ತಿಹಿಡಿಯಿತು. ಅಲ್ಲಿ ಮತ ಹಾಕಿದವರಲ್ಲಿ ವಿದ್ಯಾರ್ಥಿ ಒಬ್ಬನೂ ಇರಲಿಲ್ಲವೆಂದು ಹೇಳಬೇಕಾಗಿಲ್ಲ. ಮಕ್ಕಳ ಮನೆಯವರು ನ್ಯಾಯಾಲಯದ ಮೊರೆಹೊಕ್ಕರು. 1969ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು 7-2ರ ಬಹುಮತದಿಂದ ಮಕ್ಕಳ ಪರವಾಗಿ ತೀರ್ಪಿತ್ತಿತು. ಪಾಠಕ್ಕೆ ಅಡ್ಡಿಯಾಗದಂತೆ ತನ್ನ ಅಭಿಪ್ರಾಯವನ್ನು ಸೂಚಿಸುವ ಹಕ್ಕು ವಿದ್ಯಾರ್ಥಿಗೆ ಶಾಲೆಯ ಒಳಗೂ ಉಂಟು ಎಂಬುದು ಆ ತೀರ್ಪಿನ ಸಾರ. ಎರಡು ವರ್ಷಗಳ ತರುವಾಯ, 1971ರಲ್ಲಿ, ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿ ಓದುತ್ತಿದ್ದ ಕೆಲವರು ಹೀಗೆ ಅನಾಯಾಸವಾಗಿ ಮತದಾರರಾದರು. ಅಧ್ಯಕ್ಷರನ್ನು ಆರಿಸುವ ಹುಡುಗನಿಗೆ ತನ್ನ ಶಾಲೆಯ ವೇಳಾಪಟ್ಟಿಯ ಬಗ್ಗೆ ಮಾತನಾಡಲು ಏಕೆ ಎಡೆಯಿಲ್ಲ ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿತ್ತು.

1970ರ ದಶಕದಿಂದ ಒಂದೊಂದಾಗಿ ರಾಜ್ಯಗಳು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದವು. ಆದರೆ ಎಲ್ಲರೂ ಒಂದೇ ಅಳತೆಯಲ್ಲಿ ತೆರೆಯಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪ್ರೌಢಶಾಲೆಗಳನ್ನು ನಡೆಸುವ ಮಂಡಲಿಗೆ 500 ವಿದ್ಯಾರ್ಥಿಗಳು, ಅಥವಾ ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡಾ 10ರಷ್ಟು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸಹಿಮಾಡಿ ಮನವಿ ಕೊಟ್ಟರೆ ಮಂಡಲಿ ಒಬ್ಬ ವಿದ್ಯಾರ್ಥಿ ಸದಸ್ಯನನ್ನು ಸೇರಿಸಿಕೊಳ್ಳಬೇಕು. ಆತ ಸಭೆಯಲ್ಲಿ ಕೂರಬಹುದು, ಪ್ರಶ್ನೆ ಕೇಳಬಹುದು, ಚರ್ಚೆಯಲ್ಲಿ ಭಾಗವಹಿಸಬಹುದು. ಆತನಿಗೆ ದೊರೆಯಬಹುದಾದ ಮತಕ್ಕೆ ಮಾತ್ರ ಒಂದು ವಿಚಿತ್ರ ಸ್ವರೂಪವಿದೆ. ಹಿರಿಯ ಸದಸ್ಯರು ಮತ ಹಾಕುವುದಕ್ಕೆ ಮೊದಲೇ ಆತನ ಒಲವನ್ನು ಕೇಳಿ ನಡವಳಿಯ ಪುಸ್ತಕದಲ್ಲಿ ದಾಖಲಿಸುತ್ತಾರೆ. ಆದರೆ ಎಣಿಕೆಯಲ್ಲಿ ಅದನ್ನು ಸೇರಿಸುವುದಿಲ್ಲ. ಇದನ್ನು ಹಲವರು ಹಾಸ್ಯಮಾಡಿದ್ದಾರೆ. ಎಣಿಸದ ಮತಕ್ಕೆ ಏನು ಬೆಲೆ ಎಂದು ಕೇಳುವುದು ಸುಲಭ. ಆದರೂ ಹಿರಿಯರಿಗಿಂತ ಮೊದಲು, ಅವರ ಮುಖ ನೋಡಿ ಬದಲಾಯಿಸಲು ಅವಕಾಶವಿಲ್ಲದಂತೆ, ವಿದ್ಯಾರ್ಥಿಯ ಅಭಿಪ್ರಾಯ ಲಿಖಿತವಾಗಿ ನಿಲ್ಲುತ್ತದೆ ಎಂಬುದು ಅಲ್ಪವಲ್ಲ. ಆ ಅಭಿಪ್ರಾಯಕ್ಕೆ ವಿರುದ್ಧವಾಗಿ ಮತ ಹಾಕುವ ಹಿರಿಯನು ಊರಿನ ಜನರ ಎದುರಿಗೆ ಹಾಗೆ ಮಾಡಬೇಕಾಗುತ್ತದೆ.

ಮೇರಿಲ್ಯಾಂಡ್ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯ ಹಲವು ಕೌಂಟಿಗಳಲ್ಲಿ, ಎಂದರೆ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ವಿಭಾಗಗಳಲ್ಲಿ, ವಿದ್ಯಾರ್ಥಿ ಸದಸ್ಯನ ಮತವನ್ನು ಎಣಿಕೆಗೆ ಸೇರಿಸುತ್ತಾರೆ. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ ಇರುವ ಹೊವಾರ್ಡ್ ಕೌಂಟಿ ಅವುಗಳಲ್ಲಿ ಒಂದು. ಐವತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳು ಅಲ್ಲಿಯ ಸಾರ್ವಜನಿಕ ಶಾಲೆಗಳಲ್ಲಿ ಓದುತ್ತಾರೆ. ಅಲ್ಲಿಯ ಮಂಡಲಿಯಲ್ಲಿ ವಯಸ್ಕ ಸದಸ್ಯರು ಏಳು ಮಂದಿ, ವಿದ್ಯಾರ್ಥಿ ಸದಸ್ಯ ಒಬ್ಬ. ಪ್ರೌಢಶಾಲೆಯ ಕೊನೆಯ ಎರಡು ತರಗತಿಗಳಲ್ಲಿ ಓದುವವರು ಈ ಸ್ಥಾನಕ್ಕೆ ಅರ್ಹರು; ಆರನೆಯ ತರಗತಿಯಿಂದ ಹನ್ನೊಂದನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಆರಿಸುವವರು. ಅವಧಿ ಒಂದು ವರ್ಷ. ಆಯವ್ಯಯ, ನೌಕರರ ನೇಮಕ, ಯಾವ ಪ್ರದೇಶದವರು ಯಾವ ಶಾಲೆಗೆ ಸೇರಬೇಕೆಂಬ ಸರಹದ್ದು ಮುಂತಾದ ಕೆಲವು ವಿಷಯಗಳಲ್ಲಿ ವಿದ್ಯಾರ್ಥಿ ಮತ ನೀಡುವಂತಿಲ್ಲ. ಉಳಿದುವುಗಳಲ್ಲಿ ಆತನ ಮತಕ್ಕೂ ಹಿರಿಯರ ಮತಕ್ಕೂ ತೂಕ ಒಂದೇ.

ಹಲವು ವರ್ಷಗಳ ಕಾಲ ಈ ಏರ್ಪಾಡು ಯಾರ ಗಮನವನ್ನೂ ವಿಶೇಷವಾಗಿ ಸೆಳೆಯದೆ ನಡೆದುಕೊಂಡು ಬಂತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕ ಬಂದು ಶಾಲೆಗಳು ಮುಚ್ಚಿದವು. ಮಕ್ಕಳು ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನ ಮೂಲಕ ಪಾಠ ಕೇಳತೊಡಗಿದರು. ಶಾಲೆಗಳನ್ನು ಮತ್ತೆ ತೆರೆಯಬೇಕೆ, ತೆರೆದರೆ ಯಾವಾಗ ಎಂಬ ವಿಷಯ ಮನೆಮನೆಯಲ್ಲಿಯೂ ವಾಗ್ವಾದವನ್ನು ಎಬ್ಬಿಸಿತು. ಮಕ್ಕಳು ಹಿಂದೆ ಬೀಳುತ್ತಿದ್ದಾರೆ, ಒಂಟಿತನದಿಂದ ಕುಗ್ಗುತ್ತಿದ್ದಾರೆ ಎಂದು ಕೆಲವು ತಂದೆತಾಯಿಗಳು. ರೋಗ ಹರಡಿದರೆ ಮನೆಯ ಅಜ್ಜಅಜ್ಜಿಯರ ಗತಿಯೇನು, ಉಪಾಧ್ಯಾಯರ ಗತಿಯೇನು ಎಂದು ಇನ್ನು ಕೆಲವರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊವಾರ್ಡ್ ಕೌಂಟಿಯ ಮಂಡಲಿಯ ಮುಂದೆ ಶಾಲೆಗಳನ್ನು ತೆರೆಯುವ ಗೊತ್ತುವಳಿ ಬಂದಾಗ ಮತಗಳು 4-4 ಎಂದು ಸಮನಾಗಿ ಒಡೆದವು. ಸಮಮತ ಬಂದರೆ ಗೊತ್ತುವಳಿ ಬಿದ್ದುಹೋಗುತ್ತದೆ. ವಿದ್ಯಾರ್ಥಿ ಸದಸ್ಯನ ಮತ ತೆರೆಯುವುದಕ್ಕೆ ವಿರುದ್ಧವಾಗಿತ್ತು. ಆ ಒಂದು ಮತ ಇಲ್ಲದಿದ್ದರೆ ಹಿರಿಯರ ಮತಗಳು 4-3 ಆಗಿ ಗೊತ್ತುವಳಿ ಅಂಗೀಕಾರವಾಗುತ್ತಿತ್ತು.

ಇಲ್ಲಿ ಗಣಿತದ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಸಮಿತಿಗಳಲ್ಲಿ ಸದಸ್ಯರ ಸಂಖ್ಯೆ ಬೆಸವಾಗಿರುವುದು ಸುಮ್ಮನೆ ಅಲ್ಲ. ಸಮಮತ ಬಾರದಿರಲಿ ಎಂದೇ ಏಳು, ಒಂಬತ್ತು, ಹನ್ನೊಂದು ಎಂದು ಇಡುತ್ತಾರೆ. ಏಳಕ್ಕೆ ಒಂದನ್ನು ಸೇರಿಸಿದಾಗ ಎಂಟಾಗಿ ಆ ಅನುಕೂಲ ಹೋಗಿಬಿಡುತ್ತದೆ. ಆದರೆ ಜನರನ್ನು ಕೆರಳಿಸಿದ್ದು ಈ ಲೆಕ್ಕವಲ್ಲ. ಹದಿನೆಂಟು ತುಂಬದ ವಿದ್ಯಾರ್ಥಿಯೊಬ್ಬನ ಮತದಿಂದ ಸಾವಿರಾರು ಮನೆಗಳ ದಿನಚರಿ ನಿರ್ಧಾರವಾಯಿತಲ್ಲ ಎಂಬುದೇ ಅವರ ಆಕ್ಷೇಪ. ಡಿಸೆಂಬರಿನಲ್ಲಿ ಇಬ್ಬರು ಪೋಷಕರು ದಾವೆ ಹೂಡಿದರು. ರಾಜ್ಯದ ಸಂವಿಧಾನದ ಪ್ರಕಾರ ಚುನಾವಣೆಯಲ್ಲಿ ಮತ ಹಾಕುವವನಿಗೂ ಚುನಾಯಿತನಾಗುವವನಿಗೂ ಹದಿನೆಂಟು ವರ್ಷ ತುಂಬಿರಬೇಕು. ಆರನೆಯ ತರಗತಿಯ ಮಕ್ಕಳು ಮತ ಹಾಕಿ ಕಳುಹಿಸಿದವನು ಸಾರ್ವಜನಿಕ ಅಧಿಕಾರವನ್ನು ಚಲಾಯಿಸುವುದು ಹೇಗೆ ಸರಿ ಎಂಬುದು ಅವರ ವಾದ. ಅದು ತಳ್ಳಿಹಾಕುವಂಥ ವಾದವಲ್ಲ. 2021ರಲ್ಲಿ ಕೆಳಗಿನ ನ್ಯಾಯಾಲಯವು ಮಂಡಲಿಯ ಪರವಾಗಿ ತೀರ್ಪುಕೊಟ್ಟಿತು. ಮೇಲ್ಮನವಿ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಯಿತು. ಕೋರ್ಟ್ ಆಫ್ ಅಪೀಲ್ಸ್ ಎಂದು ಅಂದು ಹೆಸರಿದ್ದ ಆ ನ್ಯಾಯಾಲಯ 2022ರ ಆಗಸ್ಟಿನಲ್ಲಿ ವಿದ್ಯಾರ್ಥಿಯ ಪೀಠವನ್ನೂ ಮತವನ್ನೂ ಎತ್ತಿಹಿಡಿಯಿತು. ಶಾಲಾಮಂಡಲಿ ಎಂಬುದು ಸಂವಿಧಾನವೇ ಸ್ಥಾಪಿಸಿದ ಅಧಿಕಾರಸ್ಥಾನವಲ್ಲ. ಅದು ಶಾಸನಸಭೆಯ ಸೃಷ್ಟಿ. ಅದರ ಸದಸ್ಯರನ್ನು ಯಾವ ರೀತಿಯಲ್ಲಿ ಆರಿಸಬೇಕೆಂದು ಗೊತ್ತುಮಾಡುವ ಅಧಿಕಾರವೂ ಶಾಸನಸಭೆಗೆ ಉಂಟು. ಸಾಮಾನ್ಯ ಚುನಾವಣೆಗಳಿಗೆ ವಿಧಿಸಿರುವ ವಯಸ್ಸಿನ ನಿಬಂಧನೆ ಈ ವಿದ್ಯಾರ್ಥಿ ಸದಸ್ಯನ ಆಯ್ಕೆಗೆ ಅನ್ವಯಿಸುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು.

ಈ ಮೊಕದ್ದಮೆಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಆ ದಿನ ಶಾಲೆಗಳನ್ನು ಮುಚ್ಚಿಯೇ ಇಟ್ಟದ್ದು ಸರಿಯೋ ತಪ್ಪೋ ಎಂಬುದು ಒಂದು. ಅದನ್ನು ತೀರ್ಮಾನಿಸುವ ಸಭೆಯಲ್ಲಿ ವಿದ್ಯಾರ್ಥಿ ಇರಬೇಕಾಗಿತ್ತೋ ಇಲ್ಲವೋ ಎಂಬುದು ಇನ್ನೊಂದು. ಮತ ತಪ್ಪಾಗಿದ್ದಿರಬಹುದು, ಅಷ್ಟರಿಂದಲೇ ಪೀಠ ತಪ್ಪೆಂದು ಸಿದ್ಧವಾಗುವುದಿಲ್ಲ. ವಿದ್ಯಾರ್ಥಿಯಂತೆಯೇ ಮತ ಹಾಕಿದ ಹಿರಿಯರು ಇನ್ನೂ ಮೂವರಿದ್ದರು. ಅವರ ವಯಸ್ಸನ್ನು ಯಾರೂ ಪ್ರಶ್ನಿಸಲಿಲ್ಲ.

ಹಾಗೆಂದು ಆಕ್ಷೇಪಗಳೆಲ್ಲವೂ ಹುರುಳಿಲ್ಲದವು ಎಂದು ಭಾವಿಸಬಾರದು. ಮೊದಲು ಕೇಳಿಬರುವುದು ಪ್ರಬುದ್ಧತೆಯ ಮಾತು. ಹದಿಹರೆಯದವರು ಆವೇಶಕ್ಕೆ ಒಳಗಾಗುತ್ತಾರೆ, ಗೆಳೆಯರ ಒತ್ತಾಯಕ್ಕೆ ಮಣಿಯುತ್ತಾರೆ ಎಂಬುದು ಸುಳ್ಳಲ್ಲ. ಆದರೆ ಮನಶ್ಶಾಸ್ತ್ರಜ್ಞರು ಇಲ್ಲಿ ಒಂದು ಭೇದವನ್ನು ಕಾಣುತ್ತಾರೆ. ಗೆಳೆಯರ ಗುಂಪಿನಲ್ಲಿ, ಉದ್ರೇಕದ ಕ್ಷಣದಲ್ಲಿ, ಹದಿನಾರರ ಹುಡುಗನ ವಿವೇಚನೆ ಹಿರಿಯರ ವಿವೇಚನೆಗಿಂತ ದುರ್ಬಲವಾಗಿರುತ್ತದೆ. ಶಾಂತವಾಗಿ ಕುಳಿತು, ಸಂಗತಿಗಳನ್ನು ಓದಿ, ಕೇಳಿ, ತೂಗಿನೋಡುವ ಸಂದರ್ಭದಲ್ಲಿ ಆತ ಹಿರಿಯರಿಗೆ ಹೆಚ್ಚುಕಡಿಮೆ ಸರಿಸಮನಾಗಿ ಯೋಚಿಸಬಲ್ಲ. ಕಾರ್ಯಸೂಚಿಯನ್ನು ಮುಂಚಿತವಾಗಿ ಹಂಚಿ, ಅಧ್ಯಕ್ಷರ ಅಪ್ಪಣೆ ಪಡೆದು ಮಾತನಾಡುವ ಸಭೆಯು ಎರಡನೆಯ ಬಗೆಗೆ ಸೇರಿದ್ದು. ಆಸ್ಟ್ರಿಯ ದೇಶವು 2007ರಲ್ಲಿ ರಾಷ್ಟ್ರೀಯ ಚುನಾವಣೆಗಳ ಮತದಾನದ ವಯಸ್ಸನ್ನೇ 16ಕ್ಕೆ ಇಳಿಸಿತು.

ಇನ್ನೂ ಚಿಕ್ಕ ಮಕ್ಕಳು ನ್ಯಾಯಾನ್ಯಾಯಗಳನ್ನು ತೂಗಿದ ನಿದರ್ಶನವೊಂದು ಪೋಲೆಂಡಿನಲ್ಲಿ ದೊರೆಯುತ್ತದೆ. ಯಾನುಷ್ ಕೋರ್ಚಾಕ್ ಎಂಬ ವೈದ್ಯರು 1912ರಿಂದ ವಾರ್ಸಾ ನಗರದಲ್ಲಿ ಯಹೂದಿ ಅನಾಥಮಕ್ಕಳ ಮನೆಯೊಂದನ್ನು ನಡೆಸಿದರು. ಅಲ್ಲಿ ಮಕ್ಕಳದೇ ಒಂದು ನ್ಯಾಯಾಲಯವಿತ್ತು. ಆ ವಾರ ತಮ್ಮ ಮೇಲೆ ಯಾವ ದೂರೂ ಇಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ಐವರು ನ್ಯಾಯಾಧೀಶರನ್ನು ಆರಿಸುತ್ತಿದ್ದರು. ಮಕ್ಕಳು ಮಕ್ಕಳ ಮೇಲೆ ದೂರು ಕೊಡಬಹುದಾಗಿತ್ತು. ಉಪಾಧ್ಯಾಯರ ಮೇಲೂ ಕೊಡಬಹುದಾಗಿತ್ತು. ಕೋರ್ಚಾಕರೇ ಅರ್ಧ ವರ್ಷದಲ್ಲಿ ಐದು ಸಲ ಆ ನ್ಯಾಯಾಲಯದ ಮುಂದೆ ನಿಂತರು. ಹುಡುಗನೊಬ್ಬನಿಗೆ ಹೊಡೆದದ್ದು, ಹುಡುಗಿಯೊಬ್ಬಳ ಮೇಲೆ ಕಳ್ಳತನದ ಸಂಶಯಪಟ್ಟದ್ದು ಅವರ ಮೇಲಿನ ಆರೋಪಗಳಲ್ಲಿ ಸೇರಿದ್ದವು. ಮಕ್ಕಳ ಕೈಗೆ ದಂಡವನ್ನು ಕೊಟ್ಟರೆ ಕ್ರೂರವಾಗಿ ಬೀಸುತ್ತಾರೆಂದು ಶಂಕಿಸುವವರು ಆ ನ್ಯಾಯಾಲಯದ ಸಂಹಿತೆಯನ್ನು ನೋಡಬೇಕು. ಅದರ ಮೊದಲ ತೊಂಬತ್ತೊಂಬತ್ತು ವಿಧಿಗಳೂ ಯಾವುದೋ ಒಂದು ರೀತಿಯಲ್ಲಿ ಬಿಡುಗಡೆಯನ್ನೋ ಕ್ಷಮೆಯನ್ನೋ ಹೇಳುವಂಥವು. ಖಂಡನೆ ಆರಂಭವಾಗುವುದೇ ನೂರನೆಯ ವಿಧಿಯಿಂದ. 1942ರ ಆಗಸ್ಟಿನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕದ ಮರಣಶಿಬಿರಕ್ಕೆ ಸಾಗಿಸಿದಾಗ ಕೋರ್ಚಾಕರು ಅವರನ್ನು ಬಿಟ್ಟಿರಲು ಒಪ್ಪದೆ ಜೊತೆಯಲ್ಲಿಯೇ ಹೋಗಿ ಮಡಿದರು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಮಂಡಲಿಯಲ್ಲಿ ಕುಳಿತ ವಿದ್ಯಾರ್ಥಿ ಮರುದಿನ ಬೆಳಿಗ್ಗೆ ತರಗತಿಯಲ್ಲಿ ಅದೇ ಉಪಾಧ್ಯಾಯರ ಎದುರಿಗೆ ಕೂರಬೇಕು. ಆತನ ಉತ್ತರಪತ್ರಿಕೆಗೆ ಅಂಕ ಕೊಡುವವರು ಅವರು. ಉಪಾಧ್ಯಾಯರ ವೇತನವನ್ನೋ ಶಿಸ್ತುಕ್ರಮವನ್ನೋ ಕುರಿತು ಆತ ಮತ ಹಾಕಬೇಕಾಗಿ ಬಂದರೆ ಇಬ್ಬರಿಗೂ ಇಕ್ಕಟ್ಟು. ಸಹಪಾಠಿಯೊಬ್ಬನನ್ನು ಶಾಲೆಯಿಂದ ಹೊರಹಾಕುವ ವಿಚಾರಣೆ ಬಂದರಂತೂ ಆತ ಅಲ್ಲಿರುವುದೇ ಅನ್ಯಾಯವಾದೀತು. ಈ ಆಕ್ಷೇಪಕ್ಕೆ ತಕ್ಕ ಉತ್ತರ ಪೀಠವನ್ನು ಕಿತ್ತುಹಾಕುವುದಲ್ಲ, ಅದರ ಎಲ್ಲೆಯನ್ನು ಗುರುತಿಸುವುದು. ಡೆನ್ಮಾರ್ಕಿನಲ್ಲಿ ಅದನ್ನು ಚೆನ್ನಾಗಿ ಮಾಡಿದ್ದಾರೆ. ಅಲ್ಲಿ 1989ರ ಕಾನೂನಿನಂತೆ ಪ್ರತಿಯೊಂದು ಸಾರ್ವಜನಿಕ ಶಾಲೆಗೂ ಒಂದು ಮಂಡಲಿಯಿದೆ; ತಂದೆತಾಯಿಗಳದು ಬಹುಮತ, ಜೊತೆಗೆ ಉಪಾಧ್ಯಾಯರ ಪ್ರತಿನಿಧಿಗಳೂ ವಿದ್ಯಾರ್ಥಿ ಪ್ರತಿನಿಧಿಗಳೂ ಇರುತ್ತಾರೆ. ವ್ಯಕ್ತಿಯೊಬ್ಬರಿಗೆ ಸಂಬಂಧಿಸಿದ ವಿಷಯ ಚರ್ಚೆಗೆ ಬಂದೊಡನೆ ವಿದ್ಯಾರ್ಥಿಗಳು ಹೊರಗೆ ಹೋಗಬೇಕು. ಉಳಿದ ಕಾಲದಲ್ಲಿ ಅವರೂ ಸದಸ್ಯರೇ.

ಇಂಗ್ಲೆಂಡಿನ ಮಾರ್ಗ ಬೇರೆಯಾಯಿತು. 1977ರಲ್ಲಿ ಟೇಲರ್ ಸಮಿತಿಯು ಶಾಲೆಗಳ ಆಡಳಿತದಲ್ಲಿ ಪೋಷಕರಿಗೂ ಉಪಾಧ್ಯಾಯರಿಗೂ ಸಾಧ್ಯವಾದೆಡೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲಿರಬೇಕೆಂದು ಶಿಫಾರಸು ಮಾಡಿತು. 1986ರ ಶಿಕ್ಷಣ ಕಾಯಿದೆ ಮಾತ್ರ ಹದಿನೆಂಟು ತುಂಬದವರು ಆಡಳಿತ ಮಂಡಲಿಯ ಸದಸ್ಯರಾಗುವಂತಿಲ್ಲವೆಂದು ವಿಧಿಸಿತು. 2003ರ ನಿಯಮಗಳ ತರುವಾಯ ವಿದ್ಯಾರ್ಥಿಗಳನ್ನು ಸಹಸದಸ್ಯರೆಂದು ಕರೆದು ಕೂರಿಸಿಕೊಳ್ಳಲು ಎಡೆಯಾಯಿತು; ಪೂರ್ಣ ಸದಸ್ಯತ್ವ ದೊರೆಯಲಿಲ್ಲ.

ಮೂರನೆಯ ಆಕ್ಷೇಪವನ್ನು ವಿದ್ಯಾರ್ಥಿಗಳ ಪರವಾಗಿರುವವರು ಸಾಕಷ್ಟು ಗಮನಿಸಿಲ್ಲ. ಎಲ್ಲಕ್ಕಿಂತ ಬಲವಾದುದು ಅದೇ. ಒಂದು ಪೀಠಕ್ಕೆ ಆರಿಸಿಬರುವ ವಿದ್ಯಾರ್ಥಿ ಯಾರು? ಬಹುಮಟ್ಟಿಗೆ ಚೆನ್ನಾಗಿ ಮಾತನಾಡಬಲ್ಲವನು, ಹೆಚ್ಚು ಅಂಕ ಪಡೆಯುವವನು, ಸಂಜೆಯ ಸಭೆಗೆ ಬಂದುಹೋಗಲು ಮನೆಯವರ ಅನುಕೂಲ ಇರುವವನು. ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿ, ಎರಡು ವಿಷಯಗಳಲ್ಲಿ ನಪಾಸಾದ ಹುಡುಗ, ತೊದಲುವವನು, ದೂರದ ಹಳ್ಳಿಯಿಂದ ನಡೆದು ಬರುವವನು ಅಲ್ಲಿಗೆ ತಲುಪುವುದು ಕಷ್ಟ. ಶಾಲೆಯ ತೀರ್ಮಾನಗಳಿಂದ ಹೆಚ್ಚು ನೋಯುವವರು ಇವರೇ. ಹೀಗಿರುವಾಗ ಎಲ್ಲ ವಿದ್ಯಾರ್ಥಿಗಳ ಹೆಸರಿನಲ್ಲಿ ಒಬ್ಬನು ಮಾತನಾಡಿದರೆ ಅದು ಎಷ್ಟರಮಟ್ಟಿಗೆ ಎಲ್ಲರ ಮಾತು? ಆರಿಸಿಬಂದವನು ಸಭೆಗೆ ಮೊದಲು ತರಗತಿಗಳಿಗೆ ಹೋಗಿ ಕೇಳಬೇಕು, ಸಭೆಯ ಬಳಿಕ ಬಂದು ಏನು ನಡೆಯಿತೆಂದು ಹೇಳಬೇಕು ಎಂಬ ಕಟ್ಟುಪಾಡು ಇಲ್ಲದ ಕಡೆಯಲ್ಲಿ ಈ ಪೀಠ ಒಬ್ಬ ಜಾಣನ ಪ್ರಶಸ್ತಿಪತ್ರವಾಗಿ ಮುಗಿದುಹೋಗುವ ಅಪಾಯವಿದೆ.

ಏಕೆಂದರೆ ಪೀಠವನ್ನು ಕೊಡುವುದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ಮುಂದೆ ಒಳ್ಳೆಯ ಪೌರರಾಗಲು ತರಬೇತಿ ಎಂದು ಹೇಳುವುದುಂಟು. ಅದು ನಿಜವೂ ಹೌದು. ಆದರೆ ಮಂಡಲಿ ಇರುವುದು ಶಾಲೆಯನ್ನು ನಡೆಸುವುದಕ್ಕಾಗಿ, ಸದಸ್ಯರಿಗೆ ತರಬೇತಿ ಕೊಡುವುದಕ್ಕಲ್ಲ. ಹಿರಿಯರ ಬಳಿ ಇಲ್ಲದ ತಿಳಿವಳಿಕೆಯೊಂದು ವಿದ್ಯಾರ್ಥಿಯ ಬಳಿ ಇದೆ. ಅದಕ್ಕಾಗಿ ಆತ ಅಲ್ಲಿ ಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಅಗಳಿ ಇಲ್ಲವೆಂಬುದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅಲ್ಲಿ ಶೌಚಾಲಯ ಒಂದು ಎಂದು ಮಾತ್ರ ಬರೆದಿರುತ್ತದೆ. ಬೆಳಗಿನ ಬಸ್ಸು ಹತ್ತು ನಿಮಿಷ ತಡವಾಗಿ ಬರುವುದರಿಂದ ಮೊದಲ ಅವಧಿಯ ಗಣಿತ ಕೆಲವರಿಗೆ ಎಂದೂ ಪೂರ್ತಿ ಸಿಕ್ಕುವುದಿಲ್ಲವೆಂಬುದು ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಇವುಗಳನ್ನು ಅರಿತವರು ಕೊಠಡಿಯ ಹೊರಗೆ ನಿಂತಿದ್ದರೆ ಒಳಗಿನ ತೀರ್ಮಾನ ಅಷ್ಟರಮಟ್ಟಿಗೆ ಕುರುಡಾಗುತ್ತದೆ.

ಭಾರತದಲ್ಲಿ ಈ ವಿಷಯ ಸದ್ದಿಲ್ಲದೆ ಕಾನೂನಿನೊಳಗೆ ಬಂದು ಕುಳಿತಿದೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ಅನುಚ್ಛೇದವು, ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ. ಆ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಮನ್ನಣೆ ದೊರೆಯಬೇಕೆಂದೂ ಹೇಳುತ್ತದೆ. ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಿಗೆ ವ್ಯವಸ್ಥಾಪನಾ ಸಮಿತಿ ಇರಬೇಕು; ಅದರ ಸದಸ್ಯರಲ್ಲಿ ಮುಕ್ಕಾಲು ಭಾಗ ತಂದೆತಾಯಿಗಳು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ಉಳಿದ ಕಾಲುಭಾಗವನ್ನು ಹೇಗೆ ತುಂಬಬೇಕೆಂದು ಕೇಂದ್ರವು 2010ರಲ್ಲಿ ಹೊರಡಿಸಿದ ಮಾದರಿ ನಿಯಮಗಳು ತಿಳಿಸುತ್ತವೆ. ಅದರಲ್ಲಿ ಮೂರನೆಯ ಒಂದು ಪಾಲು ಸ್ಥಳೀಯ ಸಂಸ್ಥೆಯ ಚುನಾಯಿತ ಸದಸ್ಯರಿಗೆ, ಇನ್ನೊಂದು ಪಾಲು ಉಪಾಧ್ಯಾಯರಿಗೆ. ಕೊನೆಯ ಪಾಲು ಸ್ಥಳೀಯ ಶಿಕ್ಷಣತಜ್ಞರಿಗೆ ಅಥವಾ ಶಾಲೆಯ ಮಕ್ಕಳಿಗೆ. ಯಾರಿಗೆಂದು ತೀರ್ಮಾನಿಸುವವರು ಸಮಿತಿಯಲ್ಲಿರುವ ತಂದೆತಾಯಿಗಳು. ತಜ್ಞನೂ ಮಗುವೂ ಒಂದೇ ಪೀಠಕ್ಕೆ ಪರ್ಯಾಯ ಹಕ್ಕುದಾರರಾಗಿರುವುದು ಕುತೂಹಲಕರವಾದ ಸಂಗತಿ. ಹಿರಿಯರು ಆರಿಸುವ ಸಂದರ್ಭದಲ್ಲಿ ಊರಿನ ಗಣ್ಯರೊಬ್ಬರ ಹೆಸರು ಮೊದಲು ನೆನಪಾಗುವುದು ಸ್ವಾಭಾವಿಕ. ಹೀಗೆ ಬಾಗಿಲು ತೆರೆದೇ ಇದ್ದರೂ ಮಕ್ಕಳು ಒಳಗೆ ಬರಬೇಕಾದರೆ ಯಾರಾದರೂ ಕರೆಯಬೇಕಾಗಿದೆ.

ಕರ್ನಾಟಕದ ಅನೇಕ ಶಾಲೆಗಳಲ್ಲಿ ಶಾಲಾ ಸಂಸತ್ತು ಇರುತ್ತದೆ. ಮಕ್ಕಳು ಮತ ಹಾಕಿ ಮಂತ್ರಿಗಳನ್ನು ಆರಿಸುತ್ತಾರೆ. ತೋಟಕ್ಕೆ, ನೀರಿಗೆ, ಸ್ವಚ್ಛತೆಗೆ ಒಬ್ಬೊಬ್ಬರು ಹೊಣೆ ಹೊರುತ್ತಾರೆ. ಅದು ಉಪಯುಕ್ತವಾದ ಅಭ್ಯಾಸ. ಆದರೆ ನೀರಿನ ಮಂತ್ರಿ ತೊಟ್ಟಿಗೆ ನೀರು ತುಂಬಿಸಬಲ್ಲನೇ ಹೊರತು ಹೊಸ ತೊಟ್ಟಿಗೆ ಹಣ ಮಂಜೂರು ಮಾಡಿಸಬಲ್ಲ ಸಭೆಯಲ್ಲಿ ಆತನಿಲ್ಲ.

ಹಿರಿಯರ ಸಭೆಯ ಎದುರಿಗೆ 1990ರ ದಶಕದಲ್ಲಿಯೇ ಮಕ್ಕಳು ಬಂದು ನಿಂತ ಪ್ರದೇಶವೊಂದು ಕರ್ನಾಟಕದಲ್ಲಿದೆ. ಅದು ಕುಂದಾಪುರ ತಾಲ್ಲೂಕು. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಮತ್ತು ಅದಕ್ಕೆ ಬೆಂಬಲವಾಗಿದ್ದ ಸ್ವಯಂಸೇವಾ ಸಂಸ್ಥೆಯ ಪ್ರಯತ್ನದಿಂದ ಅಲ್ಲಿಯ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡವು. ಮಕ್ಕಳನ್ನು ಮಕ್ಕಳೇ ಚುನಾಯಿಸಿದರು. ಶಾಲೆಗೆ ಹೋಗುವವರಷ್ಟೇ ಅಲ್ಲ, ಶಾಲೆ ಬಿಟ್ಟು ದುಡಿಯುತ್ತಿದ್ದವರೂ ಅವುಗಳಲ್ಲಿದ್ದರು. ಅವರು ಹಿರಿಯರ ಮುಂದೆ ಇಟ್ಟ ಬೇಡಿಕೆಗಳಲ್ಲಿ ಕಾಲುಸಂಕವೂ ಒಂದು. ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಬೇಸಗೆಯಲ್ಲಿ ಒಣಗಿದ್ದ ತೋಡುಗಳೆಲ್ಲ ತುಂಬಿ ಹರಿಯುತ್ತವೆ. ಅಡಕೆಯ ಮರಗಳನ್ನು ಜೋಡಿಸಿ ಹಾಕಿದ ಸಂಕ ಪಾಚಿಗಟ್ಟಿ ಜಾರುತ್ತದೆ. ಚಿಕ್ಕ ಮಕ್ಕಳನ್ನು, ಅದರಲ್ಲಿಯೂ ಹುಡುಗಿಯರನ್ನು, ಆ ತಿಂಗಳುಗಳಲ್ಲಿ ಮನೆಯವರು ಶಾಲೆಗೆ ಕಳುಹಿಸಲು ಹೆದರುತ್ತಾರೆ. ಹಾಜರಿ ಕಡಿಮೆಯಾದದ್ದಕ್ಕೆ ಮಕ್ಕಳ ಸೋಮಾರಿತನವೋ ತಂದೆತಾಯಿಗಳ ಉದಾಸೀನವೋ ಕಾರಣವೆಂದು ಹೊರಗಿನವರು ತಿಳಿದಾರು. ಯಾವ ತೋಡಿನ ಮೇಲೆ ಸಂಕ ಬೇಕು, ಎಲ್ಲಿ ಇರುವ ಸಂಕಕ್ಕೆ ಹಿಡಿಗಂಬಿ ಬೇಕು ಎಂಬುದನ್ನು ದಿನವೂ ಅದನ್ನು ದಾಟುವ ಮಕ್ಕಳು ಬಲ್ಲರು. ಪಂಚಾಯಿತಿಗಳು ಕಿವಿಗೊಟ್ಟಲ್ಲಿ ಸಂಕಗಳು ಆದವು.

2006ರ ತರುವಾಯ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಸುವ ಪದ್ಧತಿ ಬಂದಿದೆ. ಪಂಚಾಯಿತಿಯ ಅಧ್ಯಕ್ಷರು, ಅಧಿಕಾರಿಗಳು, ಉಪಾಧ್ಯಾಯರು ಕುಳಿತಿರುವಾಗ ಮಕ್ಕಳು ಎದ್ದುನಿಂತು ಶಾಲೆಯ ಆವರಣದ ಗೋಡೆ, ಬಸ್ಸು, ಕುಡಿಯುವ ನೀರು, ಆಟದ ಬಯಲು ಇವುಗಳನ್ನು ಕುರಿತು ಕೇಳುತ್ತಾರೆ. ಅವರಿಗೆ ಆ ಸಭೆಯಲ್ಲಿ ಪ್ರಶ್ನೆಯುಂಟು. ಗೋಡೆಗೆ ಹಣ ಕೊಡಬೇಕೆ ಬೇಡವೆ ಎಂಬುದರ ಮೇಲೆ ಕೈಯೆತ್ತುವವರು ಮಾತ್ರ ಪಂಚಾಯಿತಿಯ ಸದಸ್ಯರು.